ದಿನಚರಿಯ ಜೀರ್ಣೋದ್ಧಾರ

ಕುಣಿಗಲ್ ಸೀಮೆಯ ಹುತ್ರಿದುರ್ಗವನ್ನು ತಮ್ಮಲ್ಲಿ ಅನೇಕರು ನೋಡಿರಬಹುದು. ಸಮುದ್ರಮಟ್ಟದಿಂದ ಸುಮಾರು 3,700 ಅಡಿ ಎತ್ತರದ ಆ ಬೆಟ್ಟಕ್ಕೆ ಏಳು ಸುತ್ತಿನ ಕೋಟೆಯೆಂದು ಜನ ಹೇಳುತ್ತಾರೆ. ಕೆಂಪೇಗೌಡನ ಹೆಸರನ್ನೂ ಅದಕ್ಕೆ ಸೇರಿಸುತ್ತಾರೆ. ನೆತ್ತಿಯಲ್ಲಿ ಶಂಕರೇಶ್ವರನ ಗುಡಿಯುಂಟು. ಕಳೆದ ವರ್ಷ ವಿದ್ಯಾರ್ಥಿಗಳೊಡನೆ ಅದನ್ನು ಹತ್ತಲು ಹೊರಟ ನಾವು ಎರಡನೆಯ ಬಾಗಿಲ ಬಳಿಯಲ್ಲೇ ಏದುಸಿರು ಬಿಡುತ್ತ ಕುಳಿತೆವು. "ತಾವು ಇಲ್ಲೇ ಇರಿ ಸಾರ್, ನಾವು ಹೋಗಿ ಬರುತ್ತೇವೆ" ಎಂದು ಹುಡುಗರು ವಿನಯದಿಂದಲೇ ಹೇಳಿದರು. ಆ ವಿನಯವೇ ನಮ್ಮನ್ನು ಚುಚ್ಚಿತು.

ನಲವತ್ತೈದು ಕುಳಿತುಬಿಡತಕ್ಕ ವಯಸ್ಸಲ್ಲ. ಆದರೆ ಅದರ ಹಿಂದಿನ ಚಳಿಗಾಲದಲ್ಲಿ ಒಂದು ತಿಂಗಳು ಜ್ವರದಿಂದ ಮಲಗಿದ್ದೆವು. ಜ್ವರ ಬಿಟ್ಟಿತು, ಅದು ಕಲಿಸಿದ ಅಭ್ಯಾಸಗಳು ಮಾತ್ರ ಬಿಡಲಿಲ್ಲ. ಹೊತ್ತೇರಿದ ಮೇಲೆ ಏಳುವುದು, ಹಸಿವಿಲ್ಲದೆ ಉಣ್ಣುವುದು, ನಡುರಾತ್ರಿಯವರೆಗೆ ದೀಪ ಉರಿಸುವುದು, ಇದೇ ನಮ್ಮ ದಿನಚರಿಯಾಯಿತು.

ಬೆಟ್ಟದಿಂದ ಇಳಿದ ಮರುದಿನವೇ ಭೀಷ್ಮಪ್ರತಿಜ್ಞೆ ಮಾಡಿದೆವು. ಬೆಳಗಿನ ನಾಲ್ಕೂವರೆಗೆ ಏಳುವುದು, ನಾಲ್ಕು ಮೈಲಿ ನಡೆಯುವುದು, ಒಂದೇ ಹೊತ್ತು ಊಟ! ಐದನೆಯ ದಿನ ಪ್ರತಿಜ್ಞೆ ಮುರಿಯಿತು. ಒಮ್ಮೆ ಮುರಿದುದಕ್ಕೆ ಇನ್ನೇನು ಬೆಲೆಯೆಂದು ಆರನೆಯ ದಿನ ಮುಸುಕೆಳೆದು ಮಲಗಿದೆವು.

ಆಗ ವಾಗ್ಭಟನ ಅಷ್ಟಾಂಗಹೃದಯವನ್ನು ತೆರೆದು ನೋಡಿದೆವು. ಅದರ ಸೂತ್ರಸ್ಥಾನದ ಎರಡನೆಯ ಅಧ್ಯಾಯಕ್ಕೆ ದಿನಚರ್ಯೆಯೆಂದೇ ಹೆಸರು. ಬಲಶಾಲಿಯೂ ತನ್ನ ಶಕ್ತಿಯ ಅರ್ಧದಷ್ಟೇ ವ್ಯಾಯಾಮ ಮಾಡಬೇಕೆಂದು ಅಲ್ಲಿ ವಿಧಿಸಿದೆ. ಏಳನೆಯ ಅಧ್ಯಾಯದಲ್ಲಿ ಇನ್ನೂ ಸೂಕ್ಷ್ಮವಾದ ವಿಚಾರವುಂಟು. ರೂಢಿಯಾದ ಅಪಥ್ಯವನ್ನು ಒಮ್ಮೆಗೇ ಬಿಡಬಾರದು; ಕಾಲುಭಾಗವಾಗಿ, ಇಲ್ಲವೆ ಆ ಕಾಲಿನಲ್ಲೂ ಕಾಲುಭಾಗವಾಗಿ ಬಿಡಬೇಕು; ಪಥ್ಯವನ್ನು ಹಿಡಿಯುವುದೂ ಅದೇ ಕ್ರಮದಲ್ಲಿ.

ಆಧುನಿಕ ಮನಶ್ಶಾಸ್ತ್ರವೂ ಇದಕ್ಕೆ ದೂರವಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು 12 ವಾರಗಳ ಕಾಲ ಗಮನಿಸಿ, 2010ರಲ್ಲಿ ಫಲಿತಾಂಶವನ್ನು ಅಚ್ಚು ಮಾಡಿಸಿದರು. ಪ್ರತಿಯೊಬ್ಬರೂ ದಿನದ ಒಂದು ಗೊತ್ತಾದ ಸಂದರ್ಭಕ್ಕೆ ಒಂದು ಚಿಕ್ಕ ಕೆಲಸವನ್ನು ಗಂಟುಹಾಕಿಕೊಂಡಿದ್ದರು. ಅದು ತಾನಾಗಿಯೇ ನಡೆಯುವಂತಾಗಲು ಬೇಕಾದ ಕಾಲ ಅವರ ಲೆಕ್ಕದಲ್ಲಿ 18ರಿಂದ 254 ದಿನ, ಮಧ್ಯಮಾನ 66. ನಡುವೆ ಒಂದು ದಿನ ತಪ್ಪಿದರೆ ಹೆಚ್ಚಿನ ಹಾನಿಯೇನೂ ಕಾಣಲಿಲ್ಲ. ನಮ್ಮ ಆರನೆಯ ದಿನದ ನಿರಾಶೆಗೆ ಆಧಾರವೇ ಇರಲಿಲ್ಲ!

ನಮ್ಮ ದಿನಚರಿಯಲ್ಲಿ ಬೀಳದೆ ನಿಂತಿದ್ದ ಗೋಡೆ ಒಂದೇ, ಬೆಳಗಿನ ಕಾಫಿ. ಅದಕ್ಕೇ ಮೊದಲ ಕಲ್ಲನ್ನು ಆನಿಸಿದೆವು. ಲೋಟ ಕೆಳಗಿಟ್ಟೊಡನೆ ಬೀದಿಯ ಕೊನೆಯವರೆಗೆ ಹೋಗಿಬರುವುದು, ಇಷ್ಟೇ. "ಇದೇನು ವಾಯುಸೇವನೆಯೋ, ಕೊತ್ತಂಬರಿ ತರುವುದೋ?" ಎಂದು ಮನೆಯವರು ನಕ್ಕರು. ತಿಂಗಳಾದ ಮೇಲೆ ಆ ನಡಿಗೆ ಅಮಾನಿಕೆರೆಯವರೆಗೂ ಬೆಳೆಯಿತು. ಮಲಗುವ ಹೊತ್ತನ್ನು ವಾರಕ್ಕೆ ಕಾಲುಗಂಟೆಯಂತೆ ಹಿಂದಕ್ಕೆ ತಂದೆವು. ಬೇಗ ಮಲಗಿದಾಗ ಬೇಗ ಏಳುವುದಕ್ಕೆ ಪ್ರತಿಜ್ಞೆ ಬೇಕಾಗಲಿಲ್ಲ. ಬೆಳಗಿನ ಹಸಿವೂ ಮರಳಿತು. ತಪ್ಪಿದ ದಿನಗಳೂ ಇದ್ದವು. ಮರುದಿನ ಮಾತ್ರ ತಪ್ಪಬಾರದೆಂಬುದೊಂದೇ ನಿಯಮ.

ಈ ವರ್ಷ ಪುನಃ ಹುತ್ರಿದುರ್ಗಕ್ಕೆ ಹೋದೆವು. ಬಾಗಿಲು ಬಾಗಿಲಿಗೂ ಕುಳಿತು, ನೀರು ಕುಡಿದು, ಎದ್ದೆವು. ನಾವಿನ್ನೂ ಹತ್ತುತ್ತಿರುವಾಗಲೇ ಹುಡುಗರು ಇಳಿದು ಬರುತ್ತಿದ್ದರು. ಈ ಸಲ ಅವರು ನಮ್ಮನ್ನು ಇರಿಯೆನ್ನಲಿಲ್ಲ. ದಾರಿ ಬಿಟ್ಟು ನಿಂತರು. ಶಂಕರೇಶ್ವರನ ಗುಡಿಯ ಮುಂದೆ ನಾವು ಬಹಳ ಹೊತ್ತು ಕುಳಿತಿದ್ದೆವು.

ತಮ್ಮ ದಿನಚರಿಯೂ ಕುಸಿದಿದ್ದರೆ, ಅದರಲ್ಲಿ ಇನ್ನೂ ನಿಂತಿರುವ ಗೋಡೆ ಯಾವುದೆಂದು ಮೊದಲು ನೋಡಿಕೊಳ್ಳಿರಿ. ನಾಳೆಗೆ ಒಂದು ಕಲ್ಲು ಸಾಕು.