ಕತೆಗಾರರ ಕಿವಿ

ಟಿ.ಪಿ. ಕೈಲಾಸಂ ನಾಟಕ ಬರೆದರು ಎನ್ನುವುದಕ್ಕಿಂತ ನಾಟಕ ಹೇಳಿದರು ಎನ್ನುವುದೇ ಸರಿ. ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರ ಓದಿ ಬಂದ ಈ ಮನುಷ್ಯ ಒಂದೊಂದು ಪಾತ್ರದ ಮಾತನ್ನೂ ಬಾಯಲ್ಲಿ ಆಡುತ್ತಿದ್ದರು, ಗೆಳೆಯರು ಬರೆದುಕೊಳ್ಳುತ್ತಿದ್ದರು. ಅದುವರೆಗೆ ರಂಗದ ಮೇಲೆ ಗ್ರಾಂಥಿಕ ಕನ್ನಡ ಆಡುತ್ತಿದ್ದ ಪಾತ್ರಗಳು ‘ಟೊಳ್ಳು ಗಟ್ಟಿ’ಯಲ್ಲಿ ಮನೆಮಂದಿಯ ಹಾಗೆ ಅಕ್ಷರ ನುಂಗಿ, ಇಂಗ್ಲಿಷ್ ಬೆರೆಸಿ, ಅರ್ಧಕ್ಕೇ ನಿಲ್ಲಿಸಿ ಮಾತಾಡಿದವು. ‘ತಾಳಿ ಕಟ್ಟೋಕ್ಕೂಲೀನೇ’ ಎಂಬ ಹೆಸರನ್ನು ಕಣ್ಣಿನಲ್ಲಿ ಓದಿದವರು ಅರೆಕ್ಷಣ ತಡವರಿಸುತ್ತಾರೆ. ಬಾಯಿಬಿಟ್ಟು ಓದಿದರೆ ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಕತೆ ಬರೆಯುವುದನ್ನು ಕಲಿಸಲಾಗದು ಎಂಬ ಮಾತು ದತ್ತಿ ಉಪನ್ಯಾಸಗಳಲ್ಲಿ ಶಾಲು, ಹಾರ, ಫಲತಾಂಬೂಲದಷ್ಟೇ ತಪ್ಪದೆ ಬರುತ್ತದೆ. ಪ್ರತಿಭೆಯನ್ನು ಕಲಿಸಲಾಗದು, ಒಪ್ಪೋಣ. ಕಿವಿಯನ್ನು ಪಳಗಿಸಬಹುದು. ಕನ್ನಡದ ಒಳ್ಳೆಯ ಕತೆಗಾರರ ಕಸುಬಿನಲ್ಲಿ ಹೊಸಬರು ತಕ್ಷಣ ಎತ್ತಿಕೊಳ್ಳಬಹುದಾದದ್ದು ಏನಾದರೂ ಇದ್ದರೆ ಅದು ಕೇಳಿಸಿಕೊಳ್ಳುವ ಅಭ್ಯಾಸ.

ಮೊದಲ ಪರೀಕ್ಷೆ ಬಲು ಸರಳ: ಬರೆದದ್ದನ್ನು ಗಟ್ಟಿಯಾಗಿ ಓದುವುದು. ಕನ್ನಡದ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಲ್ಲಿ ನಿಲ್ಲುತ್ತದೆ. ಅದು ಈ ನುಡಿಯ ಸೊಗಸೂ ಹೌದು, ಹೊಸ ಬರಹಗಾರರಿಗೆ ಕಾದಿರುವ ಗುಂಡಿಯೂ ಹೌದು. ‘ಅವನು ಎದ್ದನು. ಬಾಗಿಲನ್ನು ತೆರೆದನು. ಹೊರಗೆ ನೋಡಿದನು. ಯಾರೂ ಇರಲಿಲ್ಲ.’ ನಾಲ್ಕು ವಾಕ್ಯ, ಮೂರು ‘ದನು’. ಕಣ್ಣಿಗೆ ಇದರಲ್ಲಿ ತಪ್ಪು ಕಾಣುವುದಿಲ್ಲ, ಕಿವಿಗೆ ಮಾತ್ರ ಮೂರನೇ ತರಗತಿಯ ಪಾಠ ಕೇಳಿಸುತ್ತದೆ. ಇದೇ ಸಂಗತಿಯನ್ನು ಊರಿನ ಯಾರಾದರೂ ಕಟ್ಟೆಯ ಮೇಲೆ ಕೂತು ಹೇಳಿದರೆ ಹೇಗಿರುತ್ತದೆ? ‘ಎದ್ದು ಬಾಗಿಲು ತೆಗೆದು ನೋಡಿದರೆ, ಯಾರೂ ಇಲ್ಲ.’ ಆ ‘ನೋಡಿದರೆ’ಯಲ್ಲಿ ಷರತ್ತಿಲ್ಲ, ಬೆರಗಿದೆ. ಕೊನೆಯ ‘ಇಲ್ಲ’ ಹಿಂದೆ ನಡೆದದ್ದನ್ನು ಈಗಲೇ ಕಣ್ಣೆದುರಿಗೆ ತಂದು ನಿಲ್ಲಿಸುತ್ತದೆ. ‘ಅವನು’ ಎಂಬುದರ ಅಗತ್ಯವೇ ಬೀಳಲಿಲ್ಲ. ಎಷ್ಟೋ ಭಾಷೆಯವರು ಈ ಪರಿಣಾಮಕ್ಕೆ ಪರದಾಡಬೇಕು, ಕನ್ನಡದ ಅಜ್ಜಿಯರಿಗೆ ಇದು ನಾಲಗೆಯ ತುದಿಯಲ್ಲೇ ಇದೆ.

ಗಟ್ಟಿಯಾಗಿ ಓದುವಾಗ ಸಿಕ್ಕಿಬೀಳುವ ಇನ್ನೊಂದು ಕಳ್ಳ ‘ಲ್ಪಟ್ಟಿತು’. ‘ಕದವು ತೆರೆಯಲ್ಪಟ್ಟಿತು’ ಎಂದು ಯಾವ ಮನೆಯಲ್ಲೂ ಯಾರೂ ಹೇಳುವುದಿಲ್ಲ. ಸುತ್ತೋಲೆಗಳಿಂದಲೂ ಅವಸರದ ಅನುವಾದಗಳಿಂದಲೂ ಕತೆಯೊಳಕ್ಕೆ ನುಸುಳಿದ ರೂಪ ಇದು. ‘ಕದ ತೆರೆಯಿತು’ ಎಂದರೆ ಸಾಕು.

ಪದಗಳ ಆಯ್ಕೆಯ ಜಗಳವಂತೂ ಹಳೆಯದು. ಮುಳುಗುಂದದ ನಯಸೇನ 1112ರಲ್ಲಿ ‘ಧರ್ಮಾಮೃತ’ ಬರೆಯುವಾಗ, ಕನ್ನಡದಲ್ಲಿ ಬರೆಯಲು ಹೊರಟು ಸಲ್ಲದ ಸಂಸ್ಕೃತವನ್ನು ತುರುಕುವವರನ್ನು ತುಪ್ಪಕ್ಕೆ ಎಣ್ಣೆ ಬೆರೆಸುವವರಿಗೆ ಹೋಲಿಸಿದ. ತಾನೂ ಸಂಸ್ಕೃತವನ್ನು ಪೂರ್ತಿ ಬಿಟ್ಟವನಲ್ಲ, ಅದು ಬೇರೆ ಮಾತು. ಇವತ್ತಿನ ಕತೆಗೆ ಈ ಮಾತನ್ನು ಹಚ್ಚುವಾಗ ಎಚ್ಚರ ಬೇಕು: ಬಸ್ಸು, ಚಾರ್ಜರು, ಲೋನು ಎಂದೇ ಜನ ಆಡುವಾಗ ಅವುಗಳಿಗೆ ಅಚ್ಚಗನ್ನಡ ಹುಡುಕುವುದೂ ಎಣ್ಣೆ ಬೆರೆಸಿದಂತೆಯೇ. ಪಾತ್ರ ಏನನ್ನುತ್ತದೋ ಅದೇ ಪದ.

ಹಾಗಾದರೆ ಆಡುನುಡಿಯನ್ನು ಎಷ್ಟು ಬಳಸಬೇಕು? ದೇವನೂರ ಮಹಾದೇವ ‘ಕುಸುಮಬಾಲೆ’ಯಲ್ಲಿ ನಂಜನಗೂಡು-ಚಾಮರಾಜನಗರ ಸೀಮೆಯ ಮಾತನ್ನು ಸಂಭಾಷಣೆಗೆ ಮಾತ್ರ ಮೀಸಲಿಡದೆ ಕಥನಕ್ಕೂ ಹರಿಸಿದರು. ದೀಪದ ಕುಡಿಗಳಾದ ಜೋತಮ್ಮಗಳು ಕೂತು ಹರಟುವ ಲೋಕಕ್ಕೆ ಪಠ್ಯಪುಸ್ತಕದ ಕನ್ನಡ ಹೊಂದುತ್ತಲೇ ಇರಲಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿ 1990ರಲ್ಲಿ ಅದನ್ನು ಗೌರವಿಸಿತು. ಧಾರವಾಡದ ಕಡೆಯ ಓದುಗರು ಮೊದಲ ಪುಟಗಳಲ್ಲಿ ಎಡವಬಹುದು, ಬಾಯಿಬಿಟ್ಟು ಓದಿದವರಿಗೆ ಮೂರನೆಯ ಪುಟದ ಹೊತ್ತಿಗೆ ದಾರಿ ಸಿಗುತ್ತದೆ.

ಇದನ್ನು ಕಂಡು ಅನುಕರಿಸಲು ಹೊರಟವರು ಮಾಡುವ ತಪ್ಪೆಂದರೆ ‘ಹ’ಕಾರ ಕಿತ್ತು ‘ಅ’ಕಾರ ಹಾಕಿದರೆ ಹಳ್ಳಿಯಾಯಿತು ಎಂದುಕೊಳ್ಳುವುದು. ಆಡುನುಡಿ ಇರುವುದು ಉಚ್ಚಾರಕ್ಕಿಂತ ಹೆಚ್ಚಾಗಿ ಮಾತಿನ ಕ್ರಮದಲ್ಲಿ, ಗಾದೆ ಎಲ್ಲಿ ಬೀಳುತ್ತದೆ ಎಂಬುದರಲ್ಲಿ, ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಇನ್ನೊಂದು ಪ್ರಶ್ನೆ ಹಾಕುವ ಚಾಳಿಯಲ್ಲಿ. ‘ಊಟ ಆಯ್ತಾ?’ ಎಂದರೆ ‘ನಿಮ್ದು?’ ಎನ್ನುವ ಊರುಗಳಿವೆ. ಒಂದು ವಾರ ಬಸ್‌ಸ್ಟ್ಯಾಂಡಿನಲ್ಲೋ ರೇಷನ್ ಅಂಗಡಿಯ ಸಾಲಿನಲ್ಲೋ ನಿಂತು, ಜನ ಏನು ಹೇಳಿದರು ಎನ್ನುವುದನ್ನು ಬಿಟ್ಟು ಏನನ್ನು ಹೇಳದೆ ಜಾರಿಕೊಂಡರು ಎಂಬುದನ್ನಷ್ಟೇ ಬರೆದಿಟ್ಟುಕೊಂಡರೆ ಮೂರು ಕತೆಗೆ ಸಾಮಗ್ರಿಯಾದೀತು.

ಕನ್ನಡದ ಕತೆಗಾರರ ಕೈಯಲ್ಲಿ ಇನ್ನೊಂದು ಹತಾರ ಇದೆ. ಇಂಗ್ಲಿಷಿನಲ್ಲಿ ಬರೆಯುವವರು ಇದನ್ನು ಕಂಡರೆ ಹೊಟ್ಟೆಕಿಚ್ಚು ಪಡಬೇಕು: ನೀನು, ನೀವು, ತಾವು. ಅಣ್ಣ ತಮ್ಮನನ್ನು ನಲವತ್ತು ವರ್ಷ ‘ಲೋ, ನೀನು’ ಎಂದೇ ಕರೆದಿದ್ದಾನೆ. ಆಸ್ತಿ ಪಾಲಾಗುವ ದಿನ, ಪಂಚರ ಎದುರು, ‘ತಾವು ಹೇಳಿದ ಹಾಗೇ ಆಗಲಿ’ ಎನ್ನುತ್ತಾನೆ. ಅಲ್ಲಿಗೆ ಮುಗಿಯಿತು. ‘ಅವನ ಕಣ್ಣಲ್ಲಿ ಕ್ರೋಧ ಉಕ್ಕಿತು’, ‘ತಮ್ಮನ ಎದೆಗೆ ಈಟಿ ಇರಿದಂತಾಯಿತು’ ಎಂಬ ಸಾಲುಗಳನ್ನು ಅದರ ಮುಂದೆ ಬರೆದರೆ ಇರಿತ ಮೊಂಡಾಗುತ್ತದೆ. ಗಂಡನ ಹೆಸರು ಹೇಳದ ಹೆಂಗಸು ಒಂದು ಸಂಜೆ ಆ ಹೆಸರನ್ನು ಹೇಳಿಬಿಡುವುದು, ಮಗಳು ಅಪ್ಪನನ್ನು ಇದ್ದಕ್ಕಿದ್ದಂತೆ ‘ಅವರು’ ಎನ್ನತೊಡಗುವುದು, ಇವೆಲ್ಲ ಘಟನೆಗಳೇ. ಕರಡನ್ನು ತಿದ್ದುವಾಗ ಒಂದು ಸಲ ಬರೀ ಸಂಬೋಧನೆಗಳನ್ನಷ್ಟೇ ನೋಡುತ್ತ ಹೋಗುವುದು ಒಳ್ಳೆಯ ಅಭ್ಯಾಸ. ಎಲ್ಲಿ ಬದಲಾಗಬೇಕಿತ್ತೋ ಅಲ್ಲಿ ಬದಲಾಗದೆ ಉಳಿದಿದ್ದರೆ ಕತೆ ಅಲ್ಲೇ ನಿಂತುಬಿಟ್ಟಿರುತ್ತದೆ.

ಒಂದೇ ಮಾತು ಇಡೀ ಕುಟುಂಬವನ್ನು ಹಿಡಿದಿಡಬಲ್ಲದು ಎನ್ನುವುದಕ್ಕೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಸಾಕ್ಷಿ. 2013ರಲ್ಲಿ ಕನ್ನಡದಲ್ಲಿ ಬಂದ ಈ ಕಿರುಕಾದಂಬರಿಯ ಹೆಸರು ಯಾವ ನಿಘಂಟಿನಲ್ಲೂ ಇಲ್ಲ. ಒಂದು ಮನೆಯ ಮಕ್ಕಳು ಸಿಕ್ಕುಬಿದ್ದ ದಾರಕ್ಕೆ ಕಟ್ಟಿದ ಶಬ್ದ ಅದು. ಮನೆಯೊಳಗಿನವರಿಗಷ್ಟೇ ಅರ್ಥವಾಗುವ ಇಂಥ ಶಬ್ದ ಪ್ರತಿ ಮನೆಯಲ್ಲೂ ಒಂದೆರಡು ಇರುತ್ತವೆ, ಬರೆಯಲು ಕೂತಾಗ ಮಾತ್ರ ನೆನಪಿಗೆ ಬರುವುದಿಲ್ಲ. ಶ್ರೀನಾಥ್ ಪೇರೂರು ಇಂಗ್ಲಿಷಿಗೆ ತರುವಾಗಲೂ ಆ ಹೆಸರನ್ನು ಹಾಗೇ ಉಳಿಸಿಕೊಂಡರು. 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಪಡೆದ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ನಲ್ಲಿ ಅನುವಾದಕಿ ದೀಪಾ ಭಾಸ್ತಿ ಕನ್ನಡ, ಉರ್ದು, ಅರಬ್ಬಿ ಪದಗಳನ್ನು ಓರೆ ಅಕ್ಷರವಿಲ್ಲದೆ, ಅಡಿಟಿಪ್ಪಣಿಯಿಲ್ಲದೆ ಬಿಟ್ಟರು. ಲಂಡನ್ನಿನ ಓದುಗರೇ ವಿವರಣೆಯಿಲ್ಲದೆ ಓದಿದ್ದಾರೆ. ಹಾಸನದ ಕತೆಯನ್ನು ಹಾವೇರಿಯವರಿಗೆ ಆವರಣದಲ್ಲಿ ಅರ್ಥ ಕೊಟ್ಟು ವಿವರಿಸುವ ಚಿಂತೆಯನ್ನು ಹೊಸಬರು ಬಿಡಬಹುದು.

ಊರಲ್ಲೇ ಇದ್ದರೆ ಮಾತ್ರ ಕಿವಿ ಚುರುಕಾಗಿರುತ್ತದೆ ಎಂದೇನೂ ಇಲ್ಲ. ಯಶವಂತ ಚಿತ್ತಾಲರು ಮುಂಬಯಿಯ ಕಂಪನಿಯಲ್ಲಿ ದುಡಿಯುತ್ತ ಹುಟ್ಟೂರು ಹನೇಹಳ್ಳಿಯನ್ನು ಬರೆದರು. ಯು.ಆರ್. ಅನಂತಮೂರ್ತಿ 1965ರ ‘ಸಂಸ್ಕಾರ’ವನ್ನು ಬರೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ, ಬರ್ಗ್‌ಮನ್ನನ ‘ದಿ ಸೆವೆಂತ್ ಸೀಲ್’ ಚಿತ್ರವನ್ನು ಉಪಶೀರ್ಷಿಕೆಯಿಲ್ಲದೆ ನೋಡಿದ ಮೇಲೆ. ಸುತ್ತಲೂ ಬೇರೆ ನುಡಿ ಇದ್ದಾಗ ಒಳಗಿನ ನುಡಿ ಜೋರಾಗಿ ಕೇಳಿಸುತ್ತದೋ ಏನೋ.

ಕೇಳಿದ್ದನ್ನು ಬರೆಯುವುದರಲ್ಲಿ ಅಪಾಯವೂ ಉಂಟು. ಕುಂದಾಪುರದ ವಾಸಂತಿ ಎಂಬ ಯುವತಿ ‘ಸುಧಾ’ ವಾರಪತ್ರಿಕೆಗೆ ಬರಹವೊಂದನ್ನು ಕಳಿಸಿ, ಆಮೇಲೆ ಅದು ನಿಜವಾಗಿ ನಡೆದ ಸಂಗತಿ ಎಂಬ ಅಳುಕಿನಿಂದ ಅಚ್ಚು ಮಾಡಬೇಡಿ ಎಂದು ಕೇಳಿಕೊಂಡರು. ಸಂಪಾದಕರು ಬರಹವನ್ನು ಕೈಬಿಡಲಿಲ್ಲ, ಬರೆದವರ ಹೆಸರನ್ನು ‘ವೈದೇಹಿ’ ಎಂದು ಬದಲಿಸಿ ಹಾಕಿದರು. ಆ ಹೆಸರೇ ನಿಂತಿತು. ಕುಂದಾಪುರದ ಮಾತನ್ನು ಕತೆಗಳಲ್ಲಿ ಮೊಳಗಿಸಿದ ಅದೇ ವೈದೇಹಿ ‘ಕ್ರೌಂಚ ಪಕ್ಷಿಗಳು’ ಸಂಕಲನಕ್ಕೆ 2009ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು.

ಎಲ್ಲರಿಗೂ ಅಂಥ ಸಂಪಾದಕರು ಸಿಗುವುದಿಲ್ಲ. ಬಂಧುಬಳಗದಿಂದ ಪಾತ್ರ ಎತ್ತಿಕೊಳ್ಳುವವರು ಊರು, ಉದ್ಯೋಗ, ಮಕ್ಕಳ ಲೆಕ್ಕ, ಬೇಕಾದರೆ ಗಂಡು-ಹೆಣ್ಣನ್ನೂ ಬದಲಿಸಿಕೊಳ್ಳಬಹುದು. ಮಾತಾಡುವ ಧಾಟಿಯನ್ನು ಬದಲಿಸಲು ಹೋದರೆ ಮಾತ್ರ ಪಾತ್ರವೇ ಕೈಜಾರುತ್ತದೆ. ವಿಶೇಷಾಂಕ ಕೈಗೆ ಬಂದ ದಿನ ಚಿಕ್ಕಮ್ಮ ಫೋನು ಮಾಡಿ, ‘ಏನೇ, ನನ್ನ ಬಗ್ಗೆನೇ ಬರ್ದಿದ್ದೀಯಲ್ಲ’ ಎನ್ನುವುದೂ ಆ ಧಾಟಿಯ ಗುರುತು ಹಿಡಿದೇ.