ಸ್ವೀಡನ್ನಿನ ಪಟ್ಟಣಕ್ಕೆ ಯಾರನ್ನು ಕಳುಹಿಸಬೇಕು?

(ಶಿರಂಗಾಲದ ಸಭೆಯಲ್ಲಿ ಮಾಡಿದ ಭಾಷಣ)

ಅಧ್ಯಕ್ಷರೆ, ತಾಯಂದಿರೆ, ಕಾಫಿ ಮಿಲ್ಲುಗಳಲ್ಲಿ ಪಾಳಿ ಮುಗಿಸಿ ನೇರವಾಗಿ ಇಲ್ಲಿಗೆ ಬಂದಿರುವ ಸಂಗಾತಿಗಳೆ, ಅಂಗಡಿ ಬಾಗಿಲೆಳೆದು ಬಂದಿರುವ ವರ್ತಕ ಬಂಧುಗಳೆ,

ಶಿರಂಗಾಲದಲ್ಲಿ ನಿಂತು ಸ್ವೀಡನ್ ದೇಶದ ಮಾತೇಕೆ ಎಂದು ನೀವು ಕೇಳಬಹುದು. ಆ ದೇಶ ನಮಗೆ ಪೂರಾ ಅಪರಿಚಿತವೇನೂ ಅಲ್ಲ. ಬೆಂಗಳೂರಿನ ರಸ್ತೆಯಲ್ಲಿ ಸದ್ದಿಲ್ಲದೆ ಜಾರಿ ಹೋಗುವ ವೋಲ್ವೋ ಬಸ್ಸನ್ನು ನೋಡದವರು ಇಲ್ಲಿ ಯಾರು? ಆ ಕಂಪನಿ ಹುಟ್ಟಿದ್ದು 1927ರಲ್ಲಿ, ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದಲ್ಲಿ. 1998ರಿಂದ ನಮ್ಮ ಹೊಸಕೋಟೆಯಲ್ಲೂ ಅದರ ಕಾರ್ಖಾನೆ ಉಂಟು. ಆ ಊರಿನ ಬಸ್ಸು ನಮ್ಮಲ್ಲಿಗೆ ಬಂತು. ಆ ಊರಿನ ನಗರಸಭೆ ನಡೆಯುವ ರೀತಿ ಮಾತ್ರ ಬರಲಿಲ್ಲ.

ಸ್ವೀಡನ್ ಸರ್ಕಾರದ ಹಣದಿಂದ, ಗಾಟ್‌ಲ್ಯಾಂಡ್ ದ್ವೀಪದ ವಿಸ್ಬಿ ಪಟ್ಟಣದಲ್ಲಿ 2008ರಲ್ಲಿ ಒಂದು ಸಂಸ್ಥೆ ಹುಟ್ಟಿತು. ಅಲ್ಲಿನ ಪೌರಸಭೆಗಳಿಗೂ ಬೇರೆ ದೇಶಗಳ ಪೌರಸಭೆಗಳಿಗೂ ಗಂಟು ಹಾಕುವುದು ಅದರ ಕೆಲಸ. ಇಲ್ಲಿಯವರು ಅಲ್ಲಿಗೆ, ಅಲ್ಲಿಯವರು ಇಲ್ಲಿಗೆ ಹೋಗಿ ಬಂದು ಕೆಲಸ ನೋಡಿ ಕಲಿಯಬೇಕೆಂಬುದು ಉದ್ದೇಶ. ಉದ್ದೇಶವೇನೋ ಸರಿ. ನನ್ನ ಪ್ರಶ್ನೆ ಒಂದೇ: ಹೋಗುವವರು ಯಾರು?

ನಮ್ಮಲ್ಲಿ ಅಧ್ಯಯನ ಪ್ರವಾಸವೆಂದರೆ ಏನೆಂದು ನಿಮಗೆ ಗೊತ್ತು. ಅಧ್ಯಕ್ಷರು, ಕಮಿಷನರು, ಇಂಜಿನಿಯರು, ಅವರ ಹಿಂದೆ ಒಂದು ಕ್ಯಾಮೆರಾ. ತಿರುಗಿ ಬಂದ ಮೇಲೆ ಒಂದು ವರದಿ. ಆ ವರದಿಗೆ ಒಂದು ಬೀರು. ಇದಕ್ಕೆ ತಪ್ಪಿ ನಡೆದ ಒಂದು ಸಂಗತಿ ಉಂಟು, ಅದನ್ನು ಹೇಳದಿದ್ದರೆ ಅನ್ಯಾಯವಾದೀತು. 2017ರಲ್ಲಿ ಕರ್ನಾಟಕ ಸರ್ಕಾರ ಪೌರಕಾರ್ಮಿಕರನ್ನೇ ತಂಡ ತಂಡವಾಗಿ ಸಿಂಗಪುರಕ್ಕೆ ಕಳುಹಿಸಿತು. ಪೊರಕೆ ಹಿಡಿದ ಕೈ ಪಾಸ್‌ಪೋರ್ಟು ಹಿಡಿಯಿತು. ಕೆಲವರು ನಕ್ಕರು, ದುಂದು ಎಂದರು. ನಾನು ನಗಲಿಲ್ಲ. ಆದರೆ ಐದು ವರ್ಷ ಕಳೆದು, 2022ರ ಜುಲೈ ತಿಂಗಳಲ್ಲಿ, ಅದೇ ಪೌರಕಾರ್ಮಿಕರು ನೌಕರಿ ಕಾಯಂ ಮಾಡಿರೆಂದು ರಾಜ್ಯವೆಲ್ಲಾ ಮುಷ್ಕರ ಹೂಡಬೇಕಾಯಿತು. ಸಿಂಗಪುರದ ಯಂತ್ರ ತೋರಿಸಿದವರು ಸಂಬಳದ ಪುಸ್ತಕ ತೆರೆಯಲಿಲ್ಲ.

ಆದ್ದರಿಂದ ನಾನು ಹೇಳುವುದು: ನಮ್ಮ ಪಂಚಾಯಿತಿಯಿಂದ ಸ್ವೀಡನ್ನಿಗೆ ಯಾರಾದರೂ ಹೋಗುವ ಕಾಲ ಬಂದರೆ ನೀರುಗಂಟಿ ಹೋಗಲಿ. ಈಗ ವಾಟರ್‌ಮನ್ ಎನ್ನುತ್ತೇವೆ. ಹೆಸರು ಯಾವುದಾದರೂ ಬೆಳಗಿನ ಜಾವ ಎದ್ದು ವಾಲ್ವು ತಿರುಗಿಸುವವನು ಅವನೇ. ಕಸ ಗುಡಿಸುವ ತಾಯಿ ಹೋಗಲಿ. ಬಿಲ್ ಕಲೆಕ್ಟರ್ ಹೋಗಲಿ. ಅವರು ಅಲ್ಲಿ ಏನು ನೋಡಿಯಾರು?

ಗೋಥೆನ್‌ಬರ್ಗನ್ನೇ ತೆಗೆದುಕೊಳ್ಳೋಣ. ಸುಮಾರು ಆರು ಲಕ್ಷ ಜನರಿರುವ ಬಂದರು ನಗರ. ಅದರ ಸಭೆಯಲ್ಲಿ 81 ಸದಸ್ಯರು. ಇವರಲ್ಲಿ ಹೆಚ್ಚಿನವರಿಗೆ ರಾಜಕೀಯವೇ ಹೊಟ್ಟೆಪಾಡಲ್ಲ. ಒಬ್ಬರು ದಾದಿ, ಒಬ್ಬರು ಮೇಷ್ಟರು, ಮತ್ತೊಬ್ಬರು ಕಾರ್ಖಾನೆಯವರು ಎಂಬಂತೆ, ತಮ್ಮ ಕೆಲಸ ಇಟ್ಟುಕೊಂಡೇ ಸಭೆಗೆ ಬರುತ್ತಾರೆ. ಸಭೆಯ ದಿನ ರಜೆ ಕೊಡಲೇಬೇಕೆಂದು ಮಾಲೀಕನಿಗೆ ಕಾನೂನಿನ ಕಟ್ಟು. ಆ ದಿನ ತಪ್ಪಿದ ಸಂಬಳಕ್ಕೆ ಪೌರಸಭೆಯಿಂದ ಪರಿಹಾರ. ಮಿಲ್ಲಿನ ಸಂಗಾತಿಗಳೆ, ಇದನ್ನು ಮನಸ್ಸಿನಲ್ಲಿಡಿ. ನಿಮ್ಮಲ್ಲೊಬ್ಬರು ಪಂಚಾಯಿತಿಗೆ ಆರಿಸಿ ಬಂದರೆ ಸಭೆಗೊಂದು ದಿನಗೂಲಿ ಕಳೆದುಕೊಳ್ಳಬೇಕು. ನಾಲ್ಕು ಸಭೆಗೆ ಹೋದ ಮೇಲೆ ಐದನೆಯದಕ್ಕೆ ಯಾರು ಹೋದಾರು? ಕೂಲಿ ಕಳೆಯುವ ಭಯವಿಲ್ಲದವರು ಹೋಗುತ್ತಾರೆ; ನಿಮ್ಮ ಬೀದಿಯ ನಿರ್ಣಯ ಅವರೇ ಬರೆಯುತ್ತಾರೆ. ಬಡವನಿಗೆ ಓಟು ಕೊಟ್ಟರೆ ಸಾಲದು, ಸಭೆಗೆ ಹೋಗುವ ಬಿಡುವನ್ನೂ ಕೊಡಬೇಕು.

ಇನ್ನು ದುಡ್ಡಿನ ಮಾತು. ಸ್ವೀಡನ್ನಿನಲ್ಲಿ ದುಡಿಯುವವನ ಆದಾಯದಲ್ಲಿ ನೂರಕ್ಕೆ ಸುಮಾರು 32 ಭಾಗ ಸ್ಥಳೀಯ ತೆರಿಗೆಯಾಗಿ ಹೋಗುತ್ತದೆ. ಹೆಚ್ಚಿನ ಪಾಲು ಪೌರಸಭೆಗೆ, ಉಳಿದದ್ದು ಆಸ್ಪತ್ರೆ ನಡೆಸುವ ಪ್ರಾಂತ ಮಂಡಲಿಗೆ. ರಾಷ್ಟ್ರ ಸರ್ಕಾರಕ್ಕೆ ಆದಾಯ ತೆರಿಗೆ ಕೊಡುವವರು ಹೆಚ್ಚು ಸಂಬಳದವರು ಮಾತ್ರ. ಅಂಗಡಿಯವರು ಆಗಲೇ ಹುಬ್ಬು ಗಂಟಿಕ್ಕಿದ್ದು ಕಾಣುತ್ತಿದೆ! ಕೇಳಿ. ಆ ದುಡ್ಡು ಊರಲ್ಲೇ ಸಂದಾಯ, ಊರಲ್ಲೇ ಖರ್ಚು: ಶಾಲೆ, ಶಿಶುವಿಹಾರ, ಮುದುಕರ ಆರೈಕೆ, ಬೆಂಕಿ ಆರಿಸುವ ದಳ, ಪುಸ್ತಕ ಭಂಡಾರ ಎಲ್ಲವೂ ಬಹುಮಟ್ಟಿಗೆ ಅದರಿಂದಲೇ. ನಮ್ಮ ಪಂಚಾಯಿತಿ ಮನೆ ಕಂದಾಯ, ನೀರಿನ ಕರ ಎತ್ತಿ, ಮಿಕ್ಕದ್ದಕ್ಕೆ ಮೇಲಿನವರ ಅನುದಾನದ ದಾರಿ ಕಾಯುತ್ತದೆ. ಕೈಯೊಡ್ಡುವ ಸಭೆಗೆ ಕೈಯೆತ್ತುವ ಧೈರ್ಯ ಎಲ್ಲಿಂದ ಬರಬೇಕು?

ತೆರಿಗೆ ಕೊಟ್ಟವನು ಲೆಕ್ಕ ಕೇಳಬಾರದೆ? ಅಲ್ಲಿ 1766ರಷ್ಟು ಹಿಂದೆಯೇ, ಸರ್ಕಾರಿ ಕಾಗದಪತ್ರ ಜನರಿಗೆ ತೆರೆದಿರತಕ್ಕದ್ದೆಂದು ಕಾನೂನಾಯಿತು. ಇಂದು ಯಾರು ಬೇಕಾದರೂ ನಗರಸಭೆಯ ಕಚೇರಿಗೆ ಹೋಗಿ ಬಂದ ಪತ್ರ, ಹೋದ ಪತ್ರಗಳ ಪುಸ್ತಕ ನೋಡಬಹುದು. ಹೆಸರು ಹೇಳಬೇಕಾಗಿಲ್ಲ, ಏಕೆಂದು ತಿಳಿಸಬೇಕಾಗಿಲ್ಲ. ನಮಗೆ ಮಾಹಿತಿ ಹಕ್ಕು ಬಂದದ್ದು 2005ರಲ್ಲಿ. ಅದೂ ದೊಡ್ಡ ಆಯುಧವೇ, ಆದರೆ ಅರ್ಜಿಯಲ್ಲಿ ಹೆಸರು ವಿಳಾಸ ಬರೆಯಬೇಕು, ಮೂವತ್ತು ದಿನ ಕಾಯಬೇಕು. ಆ ಮೂವತ್ತು ದಿನದಲ್ಲಿ ಅರ್ಜಿ ಹಾಕಿದವನ ಮನೆಗೆ ಯಾರ್ಯಾರು ಬಂದು ಹೋಗುತ್ತಾರೆಂಬುದನ್ನು ನಾನು ಹೇಳಬೇಕಾಗಿಲ್ಲ.

ಹಾಗೆಂದು ಅದು ದೇವಲೋಕವೇನಲ್ಲ. 2010ರಲ್ಲಿ ಅದೇ ಗೋಥೆನ್‌ಬರ್ಗಿನಲ್ಲಿ ನಗರಸಭೆಯ ಕಟ್ಟಡ ಕೆಲಸದಲ್ಲಿ ಲಂಚ ನಡೆದದ್ದನ್ನು ಅಲ್ಲಿನ ಸಾರ್ವಜನಿಕ ಟೆಲಿವಿಷನ್ ಬಯಲಿಗೆಳೆಯಿತು. ಪ್ರಕರಣ ಕೋರ್ಟಿಗೆ ಹೋಯಿತು. ಜನ ಊರಿನ ಹೆಸರನ್ನೇ ತಿರುಚಿ ಲಂಚದೂರು ಎಂದು ಅಣಕವಾಡಿದರು. 2014ರಲ್ಲಿ ವಾಹನಗಳ ದಟ್ಟಣೆ ತೆರಿಗೆ ಬೇಕೆ ಬೇಡವೆ ಎಂದು ಜನಮತ ಕೇಳಿದರು. ಹೆಚ್ಚು ಜನ ಬೇಡವೆಂದರು, ತೆರಿಗೆ ನಿಲ್ಲಲಿಲ್ಲ. ಕೋವಿಡ್ ಬಂದ 2020ರಲ್ಲಿ ಸ್ವೀಡನ್ನಿನ ವೃದ್ಧರ ನಿಲಯಗಳಲ್ಲಿ ಸಾವು ಹೆಚ್ಚಾಯಿತು. ಗಂಟೆಗಿಷ್ಟೆಂದು ಕೂಲಿಗೆ ದುಡಿಯುವ, ನೌಕರಿಯ ಭದ್ರತೆಯಿಲ್ಲದ ಆಳುಗಳಿಂದ ಆರೈಕೆ ನಡೆಸಿದ್ದರ ಲೋಪ ಆಗ ಎಲ್ಲರ ಕಣ್ಣಿಗೂ ಬಿತ್ತು. ಪೌರ ನೌಕರರ ದೊಡ್ಡ ಸಂಘ, ಐದು ಲಕ್ಷ ಸದಸ್ಯರ ಸಂಘ, ಇದ್ದ ದೇಶದಲ್ಲಿಯೇ ಹೀಗೆ. ಸಂಘವೇ ಇಲ್ಲದ ಕಡೆ ಹೇಗೆ!

ನಮ್ಮ ನೀರುಗಂಟಿಗೆ ತುಂಬ ಹಿಡಿಸುವುದು ಇನ್ನೊಂದು ಸಂಗತಿ. ಗೋಥೆನ್‌ಬರ್ಗೂ ಸುತ್ತಲಿನ ಒಂಬತ್ತು ಪೌರಸಭೆಗಳೂ ಸೇರಿ ಕಸದ ಕಂಪನಿಯೊಂದನ್ನು ಇಟ್ಟುಕೊಂಡಿವೆ. ಮರುಬಳಕೆಗೆ ಬಾರದ ಕಸವನ್ನು ಸುಟ್ಟು, ಆ ಶಾಖದಿಂದ ಕಾದ ನೀರನ್ನು ಕೊಳವೆಯಲ್ಲಿ ಮನೆ ಮನೆಗೆ ಹರಿಸಿ ಚಳಿಗಾಲ ಕಳೆಯುತ್ತಾರೆ. ಒಲೆಯ ಯಂತ್ರ ನಮಗೆ ಬೇಡ. ನಮ್ಮ ಕಸ ಹಸಿ ಕಸ, ಅದು ಗೊಬ್ಬರವಾಗಬೇಕೇ ಹೊರತು ಬೂದಿಯಾಗಬಾರದು. ಚಳಿಯೂ ಅಷ್ಟಿಲ್ಲ. ನೋಡಬೇಕಾದದ್ದು ಹತ್ತು ಸಭೆಗಳು ಒಂದಾದ ರೀತಿ. ಚರಂಡಿ ನೀರು ಶುದ್ಧಿ ಮಾಡುವುದಕ್ಕೂ ಅಲ್ಲಿ ನೆರೆಯ ಪೌರಸಭೆಗಳು ಒಟ್ಟಿಗೇ ಒಂದು ಸ್ಥಾವರ ನಡೆಸುತ್ತವೆ.

ನಮ್ಮ ಊರು ಎಂಥದು? ಕಾವೇರಿ ಕೊಡಗನ್ನು ಬಿಟ್ಟು ಹೊರಡುವ ಊರು. ಕುಶಾಲನಗರ, ಕೂಡಿಗೆ, ಹೆಬ್ಬಾಲೆ ದಾಟಿ ಹೊಳೆ ಇಲ್ಲಿಗೆ ಬರುತ್ತದೆ. ಮೇಲಿನವರು ಹೊಳೆಗೆ ಬಿಟ್ಟದ್ದೆಲ್ಲಾ ನಮ್ಮ ದಡ ಮುಟ್ಟಿಯೇ ಮುಂದಕ್ಕೆ ಹೋಗಬೇಕು. ನಾವು ಬಿಟ್ಟದ್ದು ಮೈಸೂರು, ಹಾಸನದ ಸೀಮೆಯವರಿಗೆ. ಒಂದೊಂದು ಪಂಚಾಯಿತಿ ತನ್ನ ಎಲ್ಲೆಯ ಕಲ್ಲು ನೋಡಿ ಕುಳಿತರೆ ಹೊಳೆಗೆ ಯಜಮಾನರಿಲ್ಲ. ಮೇಲಿನ ಪಟ್ಟಣದಿಂದ ಶಿರಂಗಾಲದವರೆಗೆ ದಡದ ಸಭೆಗಳೆಲ್ಲಾ ಸೇರಿ ಒಂದೇ ಯೋಜನೆ ಮಾಡಲು ಸ್ವೀಡನ್ನಿನ ಅಪ್ಪಣೆ ಬೇಕಿಲ್ಲ.

ಅವರೂ ಇಲ್ಲಿಗೆ ಬರಬೇಕೆಂದೆನಲ್ಲ, ಬಂದು ಏನು ಕಲಿಯುತ್ತಾರೆ? ಕಲಿಯುವುದು ಉಂಟು. 1952ಕ್ಕೆ ಮೊದಲು ಅವರಲ್ಲಿ ಸುಮಾರು 2500 ಪೌರಸಭೆಗಳಿದ್ದವು. ಆಡಳಿತದ ಅನುಕೂಲಕ್ಕೆಂದು ಕೂಡಿಸಿ ಕೂಡಿಸಿ ಈಗ ಉಳಿದಿರುವುದು 290. ಚಿಕ್ಕ ಊರಿನ ಸಭೆ ಹೋಯಿತು. ನೆರೆಮನೆಯವನೇ ಸದಸ್ಯನಾಗಿರುವ ಸುಖ ಹೋಯಿತು. ನಮ್ಮಲ್ಲಿ ಶಿರಂಗಾಲಕ್ಕೆ ತನ್ನದೇ ಪಂಚಾಯಿತಿ ಇದೆ. ಓಟಿರುವ ಪ್ರತಿಯೊಬ್ಬರೂ ಕೂರಬಹುದಾದ ಗ್ರಾಮಸಭೆ ಇದೆ. ಜನ ನೀರ್ ಸಾಬ್ ಎಂದು ಕರೆದ ಅಬ್ದುಲ್ ನಜೀರ್ ಸಾಬರು 1983ರ ಕಾನೂನಿನಿಂದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳನ್ನು ಕಟ್ಟಿದರು. 1987ರಲ್ಲಿ ಚುನಾವಣೆಯಾದಾಗ ನೂರಕ್ಕೆ 25 ಸ್ಥಾನ ಹೆಂಗಸರಿಗೆ ಮೀಸಲಾಗಿತ್ತು. ಸಂವಿಧಾನದ 73ನೆಯ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ಈಗ ನಮ್ಮ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ತಾಯಂದಿರದು. ಅಷ್ಟು ಸ್ಥಾನ ಇಂತಿಷ್ಟೆಂದು ಕಾದಿಡುವ ಕಾನೂನು ಸ್ವೀಡನ್ನಿನಲ್ಲಿಲ್ಲ. ಅಲ್ಲಿ ಅದು ಪಕ್ಷಗಳ ಮನಸ್ಸಿಗೆ ಬಿಟ್ಟದ್ದು.

ಆದರೆ ಅತಿಥಿ ಬಂದು ಒಂದು ಪ್ರಶ್ನೆ ಕೇಳಿದರೆ ನಾವು ತಲೆ ತಗ್ಗಿಸಬೇಕಾದೀತು. ಸ್ವೀಡನ್ನಿನಲ್ಲಿ ಮೂರು ವರ್ಷ ನೆಲೆಸಿದ ಪರದೇಶಿಗೂ 1976ರಿಂದ ಪೌರಸಭೆಯ ಚುನಾವಣೆಯಲ್ಲಿ ಓಟುಂಟು. ನಮ್ಮ ತೋಟದ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದ, ಈ ದೇಶದವನೇ ಆದ ಕಾರ್ಮಿಕ ಪಂಚಾಯಿತಿಗೆ ಹೋಗಿ ನಲ್ಲಿ ಕೇಳಿದರೆ, ನಿನ್ನ ಮನೆಯ ಪತ್ರ ಎಲ್ಲಿ ಎಂದು ಕೇಳುತ್ತಾರೆ. ಮನೆ ಮಾಲೀಕನದು, ಬಾಯಾರಿಕೆ ಕೂಲಿಯವನದು.

ಪ್ರವಾಸದ ಮಾತು ದೂರದ್ದು. ಗ್ರಾಮಸಭೆ ಹತ್ತಿರದ್ದು. ಮುಂದಿನ ಗ್ರಾಮಸಭೆಗೆ ಮಿಲ್ಲಿನವರು ಪಾಳಿ ಬದಲಿಸಿಕೊಂಡಾದರೂ ಬನ್ನಿ, ಅಂಗಡಿಯವರು ಎರಡು ಗಂಟೆ ಬಾಗಿಲು ಹಾಕಿ ಬನ್ನಿ. ಕಳೆದ ವರ್ಷದ ನೀರಿನ ಖರ್ಚಿನ ಪುಸ್ತಕ ಓದಿ ಹೇಳಿರೆಂದು ಕೇಳೋಣ. ನೀರುಗಂಟಿಗೆ ಯಾವ ಯಾವ ತಿಂಗಳ ಸಂಬಳ ಯಾವ ತಾರೀಖು ಕೈಸೇರಿತೆಂದು ಅದೇ ಪುಸ್ತಕದಲ್ಲಿ ನೋಡೋಣ. ಹೊಳೆಯ ದಡದ ಪಂಚಾಯಿತಿಗಳ ಜಂಟಿ ಸಭೆ ಕರೆಯಬೇಕೆಂಬ ನಿರ್ಣಯವನ್ನು ನಮ್ಮ ಕಡೆಯಿಂದ ಬರೆದುಕೊಂಡು ಹೋಗೋಣ. ಕರಡು ಇಲ್ಲೇ ಮೇಜಿನ ಮೇಲಿದೆ, ಸಹಿ ಮಾಡುವವರು ಮಾಡಬಹುದು. ಸಭೆ ನಡೆಯುವಾಗ ನೀರುಗಂಟಿಯನ್ನು ಮೈಕು ಹಿಡಿಯಲು, ಚಹ ತರಲು ಕಳುಹಿಸಬೇಡಿ. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ ಕೂರಿಸಿ. ಈಗ ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ.