ಹೊಸ ತೆನೆ ಮತ್ತು ಮನೆಯ ಹಿರಿಯರು
(ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನನೋತ್ಸವದ ಪ್ರಬೋಧನೆ)



ಒಂಬತ್ತು ದಿನ ನಮ್ಮ ಮಕ್ಕಳು ಮಾತೆ ಮರಿಯಮ್ಮನವರಿಗೆ ಹೂಗಳನ್ನು ಅರ್ಪಿಸಿದರು. ಇಂದು ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ಒಯ್ಯುತ್ತಿದ್ದೇವೆ. ಹುಟ್ಟಿದ ಮಗುವನ್ನು ನೆನೆಯುವ ಈ ದಿನ, ಆ ಮಗು ಹುಟ್ಟಿದ ಮನೆಯನ್ನೂ ನೆನೆಯೋಣ. ಮರಿಯಮ್ಮನವರ ತಂದೆತಾಯಿಯ ಹೆಸರು ಶುಭಸಂದೇಶಗಳಲ್ಲಿ ಇಲ್ಲ. ಜೋಕಿಮ್ ಮತ್ತು ಅನ್ನಮ್ಮನವರು ಬಹುಕಾಲ ಮಕ್ಕಳಿಲ್ಲದೆ, ಜನರ ಅವಮಾನ ಸಹಿಸಿ ಮುಪ್ಪಿನತ್ತ ನಡೆದವರೆಂದು ಪರಂಪರೆ ಹೇಳುತ್ತದೆ. ಅಂದರೆ ಇಂದಿನ ಹಬ್ಬ ಶುರುವಾದದ್ದು ನೊಂದ ಹಿರಿಯರ ಮನೆಯಲ್ಲಿ.

ಮೊದಲ ಶುಕ್ರವಾರ ಪರಮಪ್ರಸಾದದೊಂದಿಗೆ ಮನೆಮನೆಗೆ ಹೋಗುವಾಗ ನಾವು ಗುರುಗಳೂ ಅವಸರದಲ್ಲಿರುತ್ತೇವೆ. ಒಬ್ಬ ತಾಯಿ ಪ್ರತಿ ಸಲವೂ "ನಿದ್ದೆ ಬರಲ್ಲ ಫಾದರ್" ಎನ್ನುತ್ತಿದ್ದರು. "ಡಾಕ್ಟರಿಗೆ ತೋರಿಸಿ ಅಮ್ಮ" ಎಂದು ನಾವು ಹೊರಡುತ್ತಿದ್ದೆವು. ಒಂದು ದಿನ ಜೋರು ಮಳೆ ಬಂದು ಅಲ್ಲೇ ಕುಳಿತೆವು. ಆಗ ಆಕೆ ಬಾಯಿಬಿಟ್ಟರು. 2021ರ ಮೇ ತಿಂಗಳಲ್ಲಿ ಪತಿ ಕೋವಿಡ್‌ನಿಂದ ತೀರಿಕೊಂಡಾಗ ದೇಹ ಆಸ್ಪತ್ರೆಯಿಂದ ನೇರ ಸಮಾಧಿಗೆ ಹೋಯಿತು. ಆಕೆ ಮುಖ ನೋಡಲಿಲ್ಲ, ಹಿಡಿ ಮಣ್ಣು ಹಾಕಲಿಲ್ಲ. ಪರದೇಶದ ಮಕ್ಕಳು ಫೋನಿನಲ್ಲಿ ಊಟ, ಮಾತ್ರೆ ವಿಚಾರಿಸುತ್ತಾರೆ. ಅಮ್ಮ ಅತ್ತಾಳೆಂದು ಅವರು ಅಪ್ಪನ ಮಾತೆತ್ತುವುದಿಲ್ಲ. ಮಕ್ಕಳು ನೊಂದಾರೆಂದು ಅಮ್ಮನೂ ಎತ್ತುವುದಿಲ್ಲ.

ಮುಂದಿನ ವಾರ ನೆರೆಯವರೊಡನೆ ಆಕೆಯನ್ನು ಸಮಾಧಿಯ ಬಳಿಗೆ ಕರೆದೊಯ್ದು ಪ್ರಾರ್ಥಿಸಿದೆವು. ಆಕೆ ಮಣ್ಣು ಹಾಕಿ ಬಹಳ ಹೊತ್ತು ಅತ್ತರು. ನಿದ್ದೆ ಪೂರ್ತಿ ಮರಳಿತೆಂದು ಹೇಳಲಾರೆವು. ಆದರೆ ಈಗ ಭಾನುವಾರದ ಬಲಿಪೂಜೆಗೆ ಬರುತ್ತಾರೆ, ಮುಗಿದ ಮೇಲೆ ಬಾಗಿಲಲ್ಲಿ ನಿಂತು ಮಾತನಾಡುತ್ತಾರೆ.

ಒಂಟಿತನ ಮನಸ್ಸಿಗಷ್ಟೇ ತಾಗುವುದಿಲ್ಲ. ಒಬ್ಬರಿಗಾಗಿ ಯಾರು ಒಲೆ ಹಚ್ಚುತ್ತಾರೆ? ಊಟ ತಪ್ಪುತ್ತದೆ, ಮಾತ್ರೆ ತಪ್ಪುತ್ತದೆ, ನಡಿಗೆ ನಿಲ್ಲುತ್ತದೆ. ಕಿವಿ ಮಂದವಾದವರು ಮಾತಿನಿಂದಲೇ ದೂರವಾಗುತ್ತಾರೆ. ಜಗತ್ತಿನ 6 ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ, ಅದು ಹೃದ್ರೋಗ ಮತ್ತು ಪಾರ್ಶ್ವವಾಯುವಿನ ಅಪಾಯವನ್ನು ಹೆಚ್ಚಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ತಿಳಿಸಿತು. ದುಃಖ ಬಿಡದೆ ಕಾಡಿದಾಗ ವೈದ್ಯರ ಬಳಿ ಹೋಗುವುದು ವಿಶ್ವಾಸದ ಕೊರತೆಯಲ್ಲ. ಆದರೆ ಕೇಳುವ ಕಿವಿಯ ಕೆಲಸವನ್ನು ಮಾತ್ರೆಯೊಂದೇ ಮಾಡಲಾರದು.

ಸಂತ ಲೂಕರು ಹೇಳುವ ಪ್ರವಾದಿನಿ ಅನ್ನಳು 84 ವರ್ಷದ ವಿಧವೆ. ದೇವಾಲಯದಲ್ಲಿ ಬಾಲಯೇಸುವನ್ನು ಗುರುತಿಸಿ ಎಲ್ಲರಿಗೂ ಸಾರಿದವಳು ಆಕೆ. ನಮ್ಮ ಹಿರಿಯರಿಗೂ ಹೇಳುವುದಿದೆ. ಕೇಳುವವರು ಬೇಕು.

ಹಬ್ಬದೂಟಕ್ಕೆ ಮುನ್ನ ಹೊಸ ಅಕ್ಕಿಯನ್ನು ಮನೆಯ ಹಿರಿಯರು ಪ್ರಾರ್ಥಿಸಿ ಹಂಚುವುದು, ದೂರದಲ್ಲಿರುವವರಿಗೂ ಒಂದು ಪಾಲು ಕಳುಹಿಸುವುದು ನಮ್ಮ ಅನೇಕ ಕುಟುಂಬಗಳ ಪದ್ಧತಿ. ಈ ವರ್ಷ ಪಕ್ಕದಲ್ಲೇ ಒಂಟಿಯಾಗಿರುವವರ ಪಾಲನ್ನೂ ತೆಗೆದಿಡೋಣ. ಅದನ್ನು ಕೊಟ್ಟು ಬರುವುದಷ್ಟೇ ಬೇಡ, ಕುಳಿತು ಅವರೊಡನೆ ಉಣ್ಣೋಣ. ತೀರಿಹೋದವರ ಹೆಸರೆತ್ತಲು ಅಂಜದಿರೋಣ. ಜೋಕಿಮ್ ಮತ್ತು ಅನ್ನಮ್ಮನವರ ಮನೆಗೆ ಸಂತಸ ತಂದ ದೇವರು ನಮ್ಮ ಹಿರಿಯರ ಮನೆಗಳಿಗೂ ನಮ್ಮ ಮೂಲಕ ಬರಲಿ. ಆಮೆನ್.